ಜನನ ಪ್ರಮಾಣ, ಮರಣ ಪ್ರಮಾಣ ಮತ್ತು ದೇಶದ ಪ್ರಗತಿ

ಒಂದು ವರ್ಷದಲ್ಲಿ ಪ್ರತಿ ಸಾವಿರ ಜನರಿಗೆ ಹುಟ್ಟುವ ಮಕ್ಕಳ ಸಂಖ್ಯೆಯನ್ನು ಜನನ ಪ್ರಮಾಣವೆಂದೂ, ಮರಣ ಹೊಂದುವವರ ಸಂಖ್ಯೆಯನ್ನು ಮರಣ ಪ್ರಮಾಣವೆಂದೂ ಕರೆಯಲಾಗುತ್ತದೆ. ದೇಶವು ಆರ್ಥಿಕವಾಗಿ ಮುಂದುವರಿದಂತೆ ಇವೆರಡೂ ಇಳಿಯುತ್ತವೆ. ಆದರೆ ಒಟ್ಟಿಗೆ ಇಳಿಯುವುದಿಲ್ಲ. ಸಾಮಾನ್ಯವಾಗಿ ಮೊದಲು ಮರಣ ಪ್ರಮಾಣವೂ, ಬಹುಕಾಲದ ನಂತರ ಜನನ ಪ್ರಮಾಣವೂ ತಗ್ಗುತ್ತವೆ. ಈ ನಡುವಣ ಅವಧಿಯಲ್ಲಿ ಜನಸಂಖ್ಯೆ ತೀವ್ರವಾಗಿ ಬೆಳೆಯುತ್ತದೆ. ಭಾರತದ ಅನುಭವವೇ ಇದಕ್ಕೆ ನಿದರ್ಶನ.

ಭಾರತದ ಅನುಭವ

1911ರಿಂದ 1921ರವರೆಗಿನ ದಶಕದಲ್ಲಿ ಎರಡೂ ಪ್ರಮಾಣಗಳು ಹೆಚ್ಚುಕಡಿಮೆ ಸಮನಾಗಿದ್ದವು. ಕ್ಷಾಮ, ಪ್ಲೇಗು ಹಾಗೂ 1918ರ ಇನ್‌ಫ್ಲುಯೆಂಜಾ ಪಿಡುಗಿನಿಂದಾಗಿ ಜನಸಂಖ್ಯೆಯು 25.2 ಕೋಟಿಯಿಂದ 25.1 ಕೋಟಿಗೆ ಇಳಿಯಿತು. ಆ ಬಳಿಕ ಯಾವ ಜನಗಣತಿಯಲ್ಲೂ ಇಳಿಕೆ ಕಂಡುಬಂದಿಲ್ಲ.

ಸ್ವಾತಂತ್ರ್ಯಾನಂತರ ಮಲೇರಿಯಾ ನಿಯಂತ್ರಣ, ಸಿಡುಬಿನ ನಿರ್ಮೂಲನ, ಲಸಿಕೆ ಮತ್ತು ಆಹಾರಧಾನ್ಯಗಳ ವಿತರಣೆಯಿಂದ ಸಾವುಗಳು ಕಡಿಮೆಯಾದವು. 1971ರಲ್ಲಿ ಮರಣ ಪ್ರಮಾಣ 14.9ಕ್ಕೆ ಇಳಿದಿದ್ದರೂ ಜನನ ಪ್ರಮಾಣ 36.9ರಷ್ಟಿತ್ತು. 1951ರಲ್ಲಿ 36 ಕೋಟಿಯಷ್ಟಿದ್ದ ಜನಸಂಖ್ಯೆ 1981ರ ವೇಳೆಗೆ 68 ಕೋಟಿ ದಾಟಿತು.

ಜನನ ಪ್ರಮಾಣ ತಡವಾಗಿ ಇಳಿಯುವುದೇಕೆ?

ಲಸಿಕೆಯ ಫಲ ಬೇಗನೆ ಕಾಣುತ್ತದೆ. ಆದರೆ ಕುಟುಂಬದ ನಿರ್ಧಾರಗಳು ನಿಧಾನವಾಗಿ ಬದಲಾಗುತ್ತವೆ. 1971ರಲ್ಲಿ ಜೀವಂತವಾಗಿ ಜನಿಸಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಹುಟ್ಟಿದ ಮಕ್ಕಳು ಉಳಿಯುವರೆಂಬ ಭರವಸೆಯಿಲ್ಲದ, ಮುಪ್ಪಿನಲ್ಲಿ ಮಕ್ಕಳೇ ಆಸರೆಯಾದ ತಂದೆತಾಯಿಯರು ಹೆಚ್ಚು ಮಕ್ಕಳನ್ನು ಬಯಸಿದ್ದು ಸಹಜ. 2020ರಲ್ಲಿ ಈ ಶಿಶು ಮರಣ ಪ್ರಮಾಣ 28ಕ್ಕೆ ಇಳಿದಿತ್ತು.

1952ರಲ್ಲಿ ಆರಂಭವಾದ ಕುಟುಂಬ ಯೋಜನಾ ಕಾರ್ಯಕ್ರಮವು ಸಾಧನಗಳನ್ನು ಒದಗಿಸಿತು. ಅವುಗಳನ್ನು ಬಳಸುವ ಮನಸ್ಸು ಮೂಡಲು ಹೆಣ್ಣುಮಕ್ಕಳ ಶಿಕ್ಷಣ, ವಿವಾಹ ವಯಸ್ಸಿನ ಏರಿಕೆ ಮತ್ತು ಶಿಶುಗಳ ಉಳಿವು ನೆರವಾದವು. ಆದಾಯದ ಹೆಚ್ಚಳವೊಂದೇ ಇದಕ್ಕೆ ಕಾರಣವಲ್ಲ. ಕೇರಳದ ತಲಾ ಆದಾಯವು ರಾಷ್ಟ್ರದ ಸರಾಸರಿಗಿಂತ ಕಡಿಮೆಯಿದ್ದ ಕಾಲದಲ್ಲಿಯೇ ಅಲ್ಲಿ ಜನನ ಪ್ರಮಾಣ ಗಣನೀಯವಾಗಿ ತಗ್ಗಿತ್ತು.

ಇಂದಿನ ಸ್ಥಿತಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಒಬ್ಬ ಮಹಿಳೆ ತನ್ನ ಜೀವಿತಾವಧಿಯಲ್ಲಿ ಹೆರುವ ಮಕ್ಕಳ ಸರಾಸರಿ ಸಂಖ್ಯೆ 1992-93ರಲ್ಲಿ 3.4 ಇದ್ದದ್ದು 2019-21ರಲ್ಲಿ 2.0ಕ್ಕೆ ಇಳಿಯಿತು. ಆದರೂ ಜನಸಂಖ್ಯೆ ಇನ್ನೂ ಕೆಲಕಾಲ ಬೆಳೆಯಲಿದೆ. ಹಿಂದಿನ ದಶಕಗಳಲ್ಲಿ ಹುಟ್ಟಿದ ಅಪಾರ ಸಂಖ್ಯೆಯ ಜನರು ಈಗ ಸಂತಾನ ಪಡೆಯುವ ವಯಸ್ಸಿನಲ್ಲಿರುವುದೇ ಇದಕ್ಕೆ ಕಾರಣ.

ಅಂಕಿಗಳನ್ನು ಓದುವಾಗಲೂ ಎಚ್ಚರ ಅಗತ್ಯ. 2020ರಲ್ಲಿ ಕೇರಳದ ಮರಣ ಪ್ರಮಾಣ 7.0, ರಾಷ್ಟ್ರದ ಪ್ರಮಾಣ 6.0. ಆದರೆ ಕೇರಳದ ಶಿಶು ಮರಣ ಪ್ರಮಾಣ ಕೇವಲ 6. ಅಲ್ಲಿ ಮರಣ ಪ್ರಮಾಣ ಹೆಚ್ಚಿರುವುದು ಅನಾರೋಗ್ಯದಿಂದಲ್ಲ, ವೃದ್ಧರ ಸಂಖ್ಯೆ ಹೆಚ್ಚಿರುವುದರಿಂದ. ಮುಂದೆ ಇತರ ರಾಜ್ಯಗಳೂ ಇದೇ ಹಾದಿಯಲ್ಲಿ ಸಾಗಲಿವೆ. ಶಿಶುಗಳ ಉಳಿವು ಮತ್ತು ಹೆಣ್ಣುಮಕ್ಕಳ ಶಿಕ್ಷಣದೊಡನೆ ವೃದ್ಧರ ಆರೈಕೆಯೂ ಇನ್ನು ಮುಂದೆ ಅಭಿವೃದ್ಧಿಯ ಅಳತೆಗೋಲಾಗಬೇಕಾಗುತ್ತದೆ.