ಹೆಗ್ಗಣಗಳನ್ನು ಹಿಡಿಯುವುದಕ್ಕೆ ತಕ್ಕ ಗಟ್ಟಿ ಬೋನುಗಳು

ಗದ್ದೆಯ ಬದುಗಳಲ್ಲಿಯೂ ಕಾಳಿನ ಉಗ್ರಾಣಗಳಲ್ಲಿಯೂ ಹೆಗ್ಗಣಗಳಿಂದಾಗುವ ಹಾನಿಯನ್ನು ರೈತರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಅವುಗಳನ್ನು ಹಿಡಿಯಲು ಬಹುಮಂದಿ ಒಡ್ಡುವ ಬೋನು ಮಾತ್ರ ಆ ಕೆಲಸಕ್ಕೆ ತಕ್ಕುದಲ್ಲ. ಸಂತೆಯಲ್ಲಿ ದೊರೆಯುವ ಸಣ್ಣ ಹಲಗೆಬೋನನ್ನು ಮಾಡಿರುವುದು ಮನೆಯ ಇಲಿಗಾಗಿ. ಅದರ ತೂಕವು ಸಾಧಾರಣವಾಗಿ 100ರಿಂದ 200 ಗ್ರಾಂ ಮಾತ್ರ. ಗದ್ದೆಯ ಚಿಕ್ಕ ಹೆಗ್ಗಣವು 300 ಗ್ರಾಂವರೆಗೆ ತೂಗುವುದುಂಟು. ದೊಡ್ಡ ಜಾತಿಯದು ಅರ್ಧ ಕಿಲೋಗ್ರಾಂ ಮೀರಿ ಬೆಳೆಯುತ್ತದೆ.

ದುರ್ಬಲವಾದ ಬೋನಿನಿಂದ ಬೆಲೆಯಷ್ಟೇ ನಷ್ಟವೆಂದು ಭಾವಿಸತಕ್ಕದ್ದಲ್ಲ. ಬಾಲವನ್ನೋ ಕಾಲನ್ನೋ ಕಳೆದುಕೊಂಡು ಪಾರಾದ ಹೆಗ್ಗಣವು ಆ ಬಗೆಯ ಬೋನಿನ ಬಳಿಗೆ ಮತ್ತೆ ಸುಲಭವಾಗಿ ಸುಳಿಯುವುದಿಲ್ಲ. ಹೆಣ್ಣಾಗಿದ್ದರೆ, ಗರ್ಭ ಧರಿಸಿದ ಸುಮಾರು ಮೂರು ವಾರಗಳಲ್ಲಿ ಐದಾರು ಮರಿಗಳನ್ನೋ ಅದಕ್ಕೂ ಹೆಚ್ಚಾಗಿಯೋ ಈಯುತ್ತದೆ. ತಪ್ಪಿಸಿಕೊಂಡ ಒಂದು ಹೆಗ್ಗಣವು ಬದುವಿನ ತುಂಬ ಹೆಗ್ಗಣಗಳಾಗುವುದು ಹೀಗೆ.

ಆದುದರಿಂದ ಕಬ್ಬಿಣದ ತಂತಿಯ ಗೂಡುಬೋನು ಉತ್ತಮ. ತಂತಿಯು ಕೈಯಿಂದ ಬಾಗದಷ್ಟು ದಪ್ಪವಾಗಿಯೂ, ಕಣ್ಣು ಅರ್ಧ ಅಂಗುಲಕ್ಕಿಂತ ದೊಡ್ಡದಾಗದೆಯೂ ಇರತಕ್ಕದ್ದು. ಹೆಗ್ಗಣದ ಬಾಚಿಹಲ್ಲು ಜೀವವಿರುವವರೆಗೂ ಬೆಳೆಯುತ್ತಿರುವುದರಿಂದ ಅದು ಮರವನ್ನೂ ಬಿದಿರನ್ನೂ ಕಡಿದುಹಾಕುವುದು. ಮರದ ತಳವಿರುವ ಬೋನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಬಾಗಿಲು ಬಿದ್ದ ಮೇಲೆ ಒಳಗಿನಿಂದ ನೂಕಿದರೆ ತೆರೆಯದಂತೆ ಕೊಂಡಿ ಇದೆಯೇ ಎಂಬುದನ್ನು ಅಂಗಡಿಯಲ್ಲಿಯೇ ಕೈಹಾಕಿ ನೋಡಬೇಕು. ಹೆಚ್ಚಿನ ಬೋನುಗಳ ದೋಷ ಇಲ್ಲಿಯೇ. ಬೋನನ್ನು ಗೂಟಕ್ಕೆ ಸರಪಳಿಯಿಂದ ಬಿಗಿಯದಿದ್ದರೆ ನರಿಯೋ ನಾಯಿಯೋ ಬೇಟೆಯೊಡನೆ ಬೋನನ್ನೂ ಎಳೆದೊಯ್ಯುವುದು.

ಗಟ್ಟಿ ಬೋನೆಂದರೆ ಹಲ್ಲುಗಳುಳ್ಳ ಕಾಲ್ಬೋನೆಂದು ತಿಳಿಯತಕ್ಕದ್ದಲ್ಲ. ಅದಕ್ಕೆ ಹೆಗ್ಗಣ, ಮುಂಗುಸಿ, ಮನೆಯ ಬೆಕ್ಕು, ಮಗುವಿನ ಕಾಲು ಎಂಬ ಭೇದವಿಲ್ಲ. ಮುಂಗುಸಿ, ಪುನುಗುಬೆಕ್ಕು, ಕಾಡುಬೆಕ್ಕು, ನೀರುನಾಯಿ ಇವುಗಳನ್ನು ಬೋನಿಗೆ ಕೆಡವುವುದೂ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ಬೇಟೆಯೇ ಆಗುತ್ತದೆ. ಅದಲ್ಲದೆ ಮುಂಗುಸಿಯೂ ಕಾಡುಬೆಕ್ಕೂ ಇಲಿಗಳನ್ನು ತಿನ್ನುವ ಪ್ರಾಣಿಗಳು. ಸಂಬಳ ಬೇಡದ ಕಾವಲುಗಾರರನ್ನು ಕೊಲ್ಲುವುದು ಯಾವ ಬೇಸಾಯ? ಗೂಡುಬೋನಿಗೆ ಅಂಥ ಪ್ರಾಣಿಯು ಬಿದ್ದರೆ ಬಾಗಿಲು ತೆಗೆದು ಬಿಟ್ಟುಬಿಡಬಹುದು. ಆ ಬೋನಿನ ದೊಡ್ಡ ಗುಣ ಅದು.

ಒಡ್ಡುವುದಕ್ಕೆ ಮೊದಲು ಸಜೀವ ಬಿಲಗಳನ್ನು ಗುರುತಿಸಬೇಕು. ಸಂಜೆ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಿ, ಬೆಳಿಗ್ಗೆ ತೆರೆದುಕೊಂಡಿರುವುವನ್ನು ಎಣಿಸತಕ್ಕದ್ದು. ಗದ್ದೆಯ ಹೆಗ್ಗಣವು ತಾನೇ ಬಾಯಿ ಮುಚ್ಚಿಕೊಳ್ಳುವುದೂ ಉಂಟು. ಅಲ್ಲಿ ಹೊಸ ಮಣ್ಣಿನ ಗುಡ್ಡೆಯೇ ಗುರುತು. ಹೊಸ ವಸ್ತುವನ್ನು ಕಂಡರೆ ಈ ಜಾತಿಗೆ ಸಂಶಯ. ಬೋನನ್ನು ಓಡಾಟದ ದಾರಿಯ ಪಕ್ಕದಲ್ಲಿಟ್ಟು, ಬಾಗಿಲು ಬೀಳದಂತೆ ಕಟ್ಟಿ, ಎರಡು ಮೂರು ರಾತ್ರಿ ಸುಟ್ಟ ಕೊಬ್ಬರಿಯನ್ನಾಗಲಿ ಹುರಿದ ಕಡಲೆಕಾಯಿಯನ್ನಾಗಲಿ ಸುಮ್ಮನೆ ತಿನ್ನಗೊಡಬೇಕು. ನಾಲ್ಕನೆಯ ರಾತ್ರಿ ಕಟ್ಟು ಬಿಚ್ಚಿದರೆ ಫಲ ಕಾಣುವುದು. ಈ ತಾಳ್ಮೆಯಿಲ್ಲದವರೇ ಬೋನನ್ನು ಹಳಿಯುವುದು ಹೆಚ್ಚು.

ಕಾಲವೆಂದರೆ ಬೇಸಗೆ. ಕೊಯಿಲಿನ ನಂತರ ಮೇವು ಕಡಮೆಯಾಗಿ, ಹೆಗ್ಗಣಗಳು ಬದುಗಳಲ್ಲಿ ಅಡಗಿರುತ್ತವೆ. ಇರಿಸಿದ ತಿಂಡಿಗೆ ಬೇಗ ಬರುತ್ತವೆ. ಪೈರು ಹೊಡೆಗಟ್ಟಿದ ಮೇಲೆ, ಬುಡ ಕತ್ತರಿಸಿದ ತೆಂಡೆಗಳನ್ನು ಕಂಡು ಬೋನು ಹುಡುಕುವುದು ತಡವಾದ ಕೆಲಸ. ಬದುಗಳನ್ನು ಅಗತ್ಯಕ್ಕಿಂತ ಅಗಲವಾಗಿ ಬಿಡದೆ ಕೆತ್ತಿದರೆ ಬಿಲ ತೋಡುವ ಎಡೆಯೂ ಕಡಮೆಯಾಗುವುದು.

ಒಬ್ಬನೇ ರೈತನು ಹಿಡಿದರೆ ನೆರೆಯವನ ಬದುವಿನಿಂದ ಬೇರೆ ಹೆಗ್ಗಣಗಳು ಬಂದು ಅದೇ ಬಿಲಗಳಲ್ಲಿ ನೆಲೆಸುತ್ತವೆ. ಊರಿನ ಮುಖಂಡರು ಒಂದು ಬಯಲಿನ ಎಲ್ಲ ಹಿಡುವಳಿದಾರರನ್ನೂ ಕೂಡಿಸಿ, ಹತ್ತಾರು ಬೋನುಗಳನ್ನು ಸಾಮಾನ್ಯ ಸ್ವತ್ತಾಗಿ ಕೊಂಡು, ಒಂದೇ ವಾರದಲ್ಲಿ ಬಯಲೆಲ್ಲಾ ಒಡ್ಡುವಂತೆ ಏರ್ಪಡಿಸುವುದು ಲೇಸು. ಒಂದೊಂದು ಮನೆಗೂ ಒಂದೊಂದು ಕೊಳ್ಳುವುದಕ್ಕಿಂತ ಖರ್ಚೂ ಕಡಮೆ.

ಬೋನುಗಳನ್ನು ಬೆಳಿಗ್ಗೆ ತಪ್ಪದೆ ನೋಡಬೇಕು. ಬಿದ್ದ ಹೆಗ್ಗಣವನ್ನು ಬರಿಗೈಯಿಂದ ಮುಟ್ಟಬಾರದು. ಅದರ ಮೂತ್ರದಿಂದ ಇಲಿಜ್ವರವು ಕೈಕಾಲಿನ ಗಾಯಗಳ ಮೂಲಕ ಮನುಷ್ಯರಿಗೆ ಅಂಟುವುದು, ಕೆಲವೊಮ್ಮೆ ಪ್ರಾಣಾಪಾಯವೂ ಉಂಟು. ಸತ್ತವುಗಳನ್ನು ಬಾವಿ ಕಾಲುವೆಗಳಿಂದ ದೂರ ಆಳವಾಗಿ ಹೂಳತಕ್ಕದ್ದು. ಗದ್ದೆಯ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರವೂ ಮೀನಖಂಡಗಳಲ್ಲಿ ನೋವೂ ಕಂಡರೆ ಕೂಡಲೇ ವೈದ್ಯರ ಬಳಿಗೆ ಕಳುಹಿಸಬೇಕು.