ಹೊಗೆಸೊಪ್ಪಿನ ಬ್ಯಾರನ್ ಮುಂದೆ ನಿಂತು ಎಐ ಕಲಿಯೋಣ

ರೊಬೊಟಿಕ್ಸ್, ಎಐ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಎರಡು ಕಾಲಿನ ರೋಬೋ, ಇಲ್ಲಾಂದ್ರೆ ಚಾಟ್‌ಜಿಪಿಟಿ. ಆದರೆ ಸಿಲೆಬಸ್‌ನಲ್ಲಿ ನಾವು ಓದುವ ಎಷ್ಟೋ ವಿಷಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಒಂದು ಬ್ಯಾರನ್ ಮುಂದೆ ನಿಂತರೆ ಸಲೀಸಾಗಿ ಅರ್ಥವಾಗುತ್ತೆ. ಈ ನಾಲ್ಕು ತಾಲ್ಲೂಕುಗಳು ಕರ್ನಾಟಕದ ವರ್ಜೀನಿಯಾ ತಂಬಾಕಿನ ಸೀಮೆ. ಅಲ್ಲಿಂದ ಬಂದು ಎಂಜಿನಿಯರಿಂಗ್ ಓದುವ ಎಷ್ಟೋ ಮಕ್ಕಳ ಫೀಸು ಈ ಸೊಪ್ಪಿನದ್ದೇ.

ಬ್ಯಾರನ್ ಅಂದ್ರೆ ಕಂಟ್ರೋಲ್ ಸಿಸ್ಟಮ್

ಯಾವ ರೋಬೋ ಆದರೂ ಮೂರು ಕೆಲಸ ಮಾಡುತ್ತೆ: ಗಮನಿಸೋದು, ನಿರ್ಧರಿಸೋದು, ಮಾಡೋದು. ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸುವವರೂ ಇದನ್ನೇ ಮಾಡುತ್ತಾರೆ. ಕಡ್ಡಿಗೆ ಕಟ್ಟಿ ತೂಗುಹಾಕಿದ ಹಸಿ ಎಲೆ ಮೊದಲು ಸುಮಾರು 35ರಿಂದ 40 ಡಿಗ್ರಿ ಬಿಸಿಯಲ್ಲಿ, ತೇವ ಉಳಿಸಿಕೊಂಡೇ ಹಳದಿಯಾಗಬೇಕು. ಆಗ ಕ್ಲೋರೋಫಿಲ್ ಒಡೆಯುತ್ತೆ, ಪಿಷ್ಟ ಸಕ್ಕರೆಯಾಗುತ್ತೆ. ಆಮೇಲೆ ಬಿಸಿ ಏರಿಸಿ ಎಲೆ ಒಣಗಿಸಬೇಕು, ಕೊನೆಗೆ ಸುಮಾರು 70 ಡಿಗ್ರಿಯಲ್ಲಿ ನಡುದಂಟು ಒಣಗಬೇಕು. ಆತುರಪಟ್ಟರೆ ಹಸಿರು ಹಾಗೇ ಉಳಿಯುತ್ತೆ, ತಡವಾದರೆ ಕಂದು ತಿರುಗುತ್ತೆ. ಒಮ್ಮೆ ಕೆಟ್ಟ ಬಣ್ಣ ವಾಪಸ್ ಬರಲ್ಲ.

ಥರ್ಮಾಮೀಟರ್ ನೋಡಿ ಸೌದೆ ಹೆಚ್ಚುಕಮ್ಮಿ ಮಾಡೋದು, ಗಾಳಿಕಿಂಡಿ ತೆರೆದು ಮುಚ್ಚೋದು: ಇದೇ ಫೀಡ್‌ಬ್ಯಾಕ್. ಸೌದೆ ಹಾಕಿದ ಕೂಡಲೇ ಬ್ಯಾರನ್ ಬಿಸಿಯಾಗಲ್ಲ, ಸೌದೆ ಎಳೆದ ಕೂಡಲೇ ತಣ್ಣಗೂ ಆಗಲ್ಲ. ಈ ತಡವನ್ನು ಮೊದಲೇ ಲೆಕ್ಕ ಹಾಕದಿದ್ದರೆ ಬಿಸಿ ಗುರಿ ದಾಟಿ ಹೋಗುತ್ತೆ. ಕಂಟ್ರೋಲ್ ಥಿಯರಿಯಲ್ಲಿ ನಾವು ಓದುವ ಓವರ್‌ಶೂಟ್ ಅಂದ್ರೆ ಇದೇ. ಅನುಭವ ಇರುವ ರೈತರು ರಾತ್ರಿಯೆಲ್ಲ ಎದ್ದು ಕೂತು ಇದನ್ನು ಸಂಭಾಳಿಸುತ್ತಾರೆ. ಸೆನ್ಸರ್, ಮೈಕ್ರೋಕಂಟ್ರೋಲರ್, ಒಂದು ಬ್ಲೋವರ್ ಸೇರಿದರೆ ಆ ನಿದ್ದೆಯನ್ನಾದರೂ ವಾಪಸ್ ಕೊಡಬಹುದು.

ಗ್ರೇಡಿಂಗ್ ಅಂದ್ರೆ ಕ್ಲಾಸಿಫಿಕೇಶನ್

ಬೆಂದ ಸೊಪ್ಪನ್ನು ಬಣ್ಣ, ಕಲೆ, ಗಿಡದಲ್ಲಿ ಎಲೆ ಇದ್ದ ಜಾಗ ನೋಡಿ ಕೈಯಲ್ಲೇ ವಿಂಗಡಿಸುತ್ತಾರೆ. ತಂಬಾಕು ಮಂಡಳಿಯ ಹರಾಜಿನಲ್ಲಿ ಬೆಲೆ ನಿಲ್ಲೋದು ಈ ಗ್ರೇಡ್ ಮೇಲೆ. ಕರ್ನಾಟಕದಲ್ಲಿ ಈ ಹರಾಜು ಶುರುವಾಗಿದ್ದು 1984ರಲ್ಲಿ. ಬ್ರೈಟ್, ಮೀಡಿಯಂ, ಲೋ ಎಂಬ ಮೂರು ಪದ ಅಲ್ಲಿನ ಮನೆಮಾತು.

ಫೋಟೋ ಕೊಟ್ಟು ಮಾಡೆಲ್‌ಗೆ ಇದನ್ನು ಕಲಿಸಬಹುದಲ್ವಾ? ಕಲಿಸಬಹುದು. ಆದರೆ ಬೆಳಗಿನ ಬಿಸಿಲಲ್ಲಿ ತೆಗೆದ ಫೋಟೋದಿಂದ ಕಲಿತ ಮಾಡೆಲ್, ಟ್ಯೂಬ್‌ಲೈಟ್ ಕೆಳಗೆ ಅದೇ ಎಲೆಯನ್ನು ಬೇರೆ ಬಣ್ಣ ಅನ್ನಬಹುದು. ಆಂಧ್ರದ ಕಪ್ಪುಮಣ್ಣಿನ ಎಲೆ ನೋಡಿ ಕಲಿತದ್ದು, ನಮ್ಮ ಕೆಂಪುಮಣ್ಣಿನ ಮಳೆಗಾಲದ ಎಲೆಯಲ್ಲಿ ಎಡವಬಹುದು. ಅದಕ್ಕೇ ನಮ್ಮೂರಿನ ಡೇಟಾ ನಾವೇ ಸಂಗ್ರಹಿಸಬೇಕು. ಲೇಬಲ್ ಹಾಕಲು ವರ್ಷಗಟ್ಟಲೆ ಸೊಪ್ಪು ವಿಂಗಡಿಸಿದ ಹೆಣ್ಣುಮಕ್ಕಳ ಕಣ್ಣೇ ಬೇಕು.

ಇನ್ನು ನಿಖರತೆ. 100 ಬೇಲ್‌ನಲ್ಲಿ 95 ಸರಿ ಅಂದ್ರೆ ಚೆನ್ನಾಗಿದೆ ಅನ್ಸುತ್ತೆ. ಉಳಿದ 5 ಎಲ್ಲವೂ ಬ್ರೈಟ್ ಆಗಿದ್ದು, ಯಂತ್ರ ಮೀಡಿಯಂ ಅಂದಿದ್ರೆ? ನಷ್ಟ ಪೂರ್ತಿ ರೈತನದ್ದು. ಎಷ್ಟು ತಪ್ಪು ಅನ್ನೋದರ ಜೊತೆಗೆ ಯಾವ ಕಡೆಗೆ ತಪ್ಪು, ಯಾರ ಜೇಬಿಗೆ ಕತ್ತರಿ ಅಂತಲೂ ಕೇಳಬೇಕು. ಕನ್‌ಫ್ಯೂಷನ್ ಮ್ಯಾಟ್ರಿಕ್ಸ್ ಇರೋದು ಇದಕ್ಕೇ, ಇಂಟರ್ನಲ್ಸ್‌ನಲ್ಲಿ ಐದು ಮಾರ್ಕ್ಸ್‌ಗಷ್ಟೇ ಅಲ್ಲ.

ರೋಬೋ ಕೈಯ ಕಷ್ಟವೇ ಬೇರೆ. ಒಣಗಿದ ಎಲೆ ಮುಟ್ಟಿದರೆ ಪುಡಿಯಾಗುತ್ತೆ, ತೇವ ಹೀರಿಕೊಂಡರೆ ಒಂದಕ್ಕೊಂದು ಅಂಟುತ್ತೆ. ಕಬ್ಬಿಣ ಎತ್ತುವ ಕೈಗಿಂತ ಎಲೆ ಎತ್ತುವ ಕೈ ಮಾಡೋದು ಕಷ್ಟ.

ತಂಬಾಕಿಗೇ ಯಾಕೆ?

ಈ ಪ್ರಶ್ನೆ ನ್ಯಾಯವಾದದ್ದೇ. ತಂಬಾಕು ಆರೋಗ್ಯಕ್ಕೆ ಹಾನಿ, ಸೌದೆಗೆ ಮರವೂ ಹೋಗುತ್ತೆ. ತಂಬಾಕು ನಿಯಂತ್ರಣದ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದವನ್ನು ಭಾರತ 2004ರಲ್ಲೇ ಅಂಗೀಕರಿಸಿದೆ. ನಾಳೆ ಈ ಸೀಮೆ ಬೇರೆ ಬೆಳೆಗೆ ಹೊರಳಬೇಕಾಗಬಹುದು. ಆಗಲೂ ಇಲ್ಲಿ ಕಲಿತದ್ದು ವ್ಯರ್ಥವಲ್ಲ: ಶುಂಠಿ, ಅರಿಶಿನ ಒಣಗಿಸೋಕೂ ಬಿಸಿ-ತೇವದ ಲೆಕ್ಕವೇ ಬೇಕು, ವಿಂಗಡಿಸೋಕೂ ಕ್ಯಾಮೆರಾವೇ ಬೇಕು.

ಹಾಗಾಗಿ ಲೀನಿಯರ್ ಆಲ್ಜಿಬ್ರಾ, ಪ್ರಾಬಬಿಲಿಟಿ, ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿಗೆ ಬಂಕ್ ಹೊಡೀಬೇಡಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ನೆಟ್‌ನಿಂದ ರೆಡಿ ಡೇಟಾಸೆಟ್ ಇಳಿಸುವ ಮೊದಲು, ಆ ಕಡೆಯ ಗೆಳೆಯರ ಜೊತೆ ಒಮ್ಮೆ ಊರಿಗೆ ಹೋಗಿ ಬನ್ನಿ. ಬ್ಯಾರನ್ ಉರಿಯುವ ದಿನಗಳಲ್ಲೇ ಹೋಗಿ.