ಕೆಂಡದ ಮುಂದೆ ಏಪ್ರನ್ ಕಟ್ಟುವ ಬೆತ್ತಲೆಯವರು

ಯುರೋಪಿನ ನೇಚರಿಸ್ಟ್ ಕ್ಯಾಂಪುಗಳಲ್ಲಿ ಬೇಸಿಗೆಯ ಸಂಜೆ ಗ್ರಿಲ್ ಹಚ್ಚುವುದು ಮಾಮೂಲಿ. ಬಟ್ಟೆಯ ಹಂಗಿಲ್ಲದೆ ರಜೆ ಕಳೆಯಲು ಬಂದವರು ಹೆಂಡತಿ, ಮಕ್ಕಳು, ಅಜ್ಜ, ಅಜ್ಜಿಯರ ಜೊತೆ ಕೂತು ಮೀನು, ಸಾಸೇಜು, ಬದನೆಕಾಯಿ ಸುಟ್ಟು ತಿನ್ನುತ್ತಾರೆ. ಇದನ್ನು ಕೇಳಿದರೆ ಸಾಕು, ನಮ್ಮಲ್ಲಿ ಹಲವರ ಕಲ್ಪನೆ ಕುದುರೆಯೇರುತ್ತದೆ.

ಮೊದಲ ಕಲ್ಪನೆ, ಇದು ಕಾಮಕೇಳಿಯ ಪಾರ್ಟಿ ಎಂಬುದು. ಅಂತರರಾಷ್ಟ್ರೀಯ ನೇಚರಿಸ್ಟ್ ಒಕ್ಕೂಟ 1974ರಲ್ಲೇ ನೇಚರಿಸಂ ಎಂದರೇನೆಂದು ಸ್ಪಷ್ಟಪಡಿಸಿದೆ: ನಿಸರ್ಗದೊಂದಿಗೆ ಹೊಂದಿಕೊಂಡ ಬದುಕು, ಒಟ್ಟಾಗಿ ಬೆತ್ತಲೆ ಇರುವುದು, ತನ್ನನ್ನೂ ಇತರರನ್ನೂ ಪರಿಸರವನ್ನೂ ಗೌರವಿಸುವುದು. ಇಂಥ ಜಾಗಗಳಲ್ಲಿ ಯಾರನ್ನಾದರೂ ದಿಟ್ಟಿಸಿ ನೋಡುವುದು ಒರಟುತನ. ಕೇಳದೆ ಫೋಟೋ ತೆಗೆದವರನ್ನು ಹೊರಗೆ ಕಳಿಸುವುದೂ ಉಂಟು.

ಎರಡನೆಯದು ಇದಕ್ಕಿಂತ ತಮಾಷೆಯದು: ಅವರು ಉರಿಯುವ ಒಲೆಯ ಮುಂದೆಯೂ ಬರಿಮೈಯಲ್ಲೇ ನಿಲ್ಲುತ್ತಾರಂತೆ! ಅಷ್ಟು ದಡ್ಡರು ಯಾರೂ ಇಲ್ಲ. ಬೇಡವಾದಾಗ ಬಟ್ಟೆ ಬಿಡುವುದು ಅವರ ರೂಢಿ, ಬೇಕಾದಾಗ ಹಾಕಿಕೊಂಡರೆ ಯಾರೂ ಮೂಗು ಮುರಿಯುವುದಿಲ್ಲ. ಸಾಸೇಜಿನ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದೊಡನೆ ಜ್ವಾಲೆ ಚಿಮ್ಮುತ್ತದೆ, ಜಿಡ್ಡಿನ ಹನಿ ಹೊಟ್ಟೆ, ತೊಡೆಗೆ ಸಿಡಿಯುತ್ತದೆ. ಹಾಗಾಗಿ ಗ್ರಿಲ್ ನೋಡಿಕೊಳ್ಳುವವರು ಎದೆಯಿಂದ ಮೊಣಕಾಲಿನವರೆಗೆ ಬರುವ ಏಪ್ರನ್ ಕಟ್ಟಿ, ಕಾಲಿಗೆ ಮುಚ್ಚಿದ ಶೂ ಹಾಕಿ, ಉದ್ದ ಹಿಡಿಯ ಇಕ್ಕಳ ಹಿಡಿಯುವುದೇ ಜಾಣತನ. ಹಿಂದಿನಿಂದ ನೋಡಿದವರಿಗೆ ನಗು ಬರಬಹುದು. ಏಪ್ರನ್ ದಪ್ಪ ಹತ್ತಿಯದಾದರೆ ಒಳ್ಳೆಯದು, ನೈಲಾನ್ ಕರಗಿ ಮೈಗೆ ಅಂಟುತ್ತದೆ. ಇದ್ದಿಲು ಹೊತ್ತಿಕೊಳ್ಳುತ್ತಿಲ್ಲವೆಂದು ಸ್ಪಿರಿಟ್ ಸುರಿಯುವುದಂತೂ ಬಟ್ಟೆ ತೊಟ್ಟವರಿಗೂ ಅಪಾಯ. ಸುಟ್ಟರೆ ಅರಿಶಿನವೂ ಬೇಡ, ಟೂತ್‌ಪೇಸ್ಟೂ ಬೇಡ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು.

ನೇಚರಿಸ್ಟರಲ್ಲೂ ಒಂದು ತಪ್ಪು ಕಲ್ಪನೆ ಹುಟ್ಟುವುದು ಸುಲಭ. ಬಟ್ಟೆಯೇ ಇಲ್ಲದ ಮೇಲೆ ಹೊಗೆ ಅಂಟುವುದೆಲ್ಲಿ, ಒಂದು ಸ್ನಾನಕ್ಕೆ ಎಲ್ಲ ಹೋಯಿತು ಎಂಬುದು ಅದು. 2018ರಲ್ಲಿ ಚೀನಾದ ಸಂಶೋಧಕರು ಬಾರ್ಬೆಕ್ಯೂ ಹತ್ತಿರ ಕೂತವರನ್ನು ಪರೀಕ್ಷಿಸಿದಾಗ, ಹೊಗೆಯಲ್ಲಿನ ಹಾನಿಕಾರಕ ಸಂಯುಕ್ತಗಳು ಉಸಿರಿಗಿಂತ ಚರ್ಮದ ಮೂಲಕವೇ ಹೆಚ್ಚು ಒಳಸೇರುತ್ತವೆ ಎಂದು ಕಂಡುಬಂತು. ಬಟ್ಟೆ ಅಲ್ಪಸ್ವಲ್ಪ ತಡೆಯುತ್ತದೆ, ಆದರೆ ಹೊಗೆ ಹೀರಿ ತುಂಬಿಕೊಂಡ ಮೇಲೆ ಅದೇ ಬಟ್ಟೆ ಚರ್ಮಕ್ಕೆ ಕೊಳೆ ದಾಟಿಸುತ್ತದೆ. ಬೆತ್ತಲೆ ಇರಲಿ, ಉಟ್ಟಿರಲಿ, ಗಾಳಿ ಬೀಸುವ ದಿಕ್ಕು ನೋಡಿ ಕೂರುವುದು ಲೇಸು.

ಕೊಳಕಲ್ಲವೇ ಎಂದು ಕೇಳುವವರಿಗೆ: ಎಲ್ಲಿ ಕೂತರೂ ಕೆಳಗೆ ತನ್ನದೇ ಟವೆಲ್ ಹಾಸುವುದು ಅಲ್ಲಿ ಎಲ್ಲರೂ ಪಾಲಿಸುವ ನಿಯಮ. ಬಾರ್ಬೆಕ್ಯೂ ತಿಂದು ಹೊಟ್ಟೆ ಕೆಡುವುದು ಸಾಮಾನ್ಯವಾಗಿ ಅರೆಬೆಂದ ಕೋಳಿಯಿಂದ, ಹಸಿ ಮಾಂಸ ಮುಟ್ಟಿದ ಕೈಯಿಂದ. ಅದಕ್ಕೂ ಪ್ಯಾಂಟಿಗೂ ಸಂಬಂಧವಿಲ್ಲ.

ನನಗೆ ಬಹಳ ಕುತೂಹಲ ಹುಟ್ಟಿಸಿದ್ದು ಇನ್ನೊಂದು ನಂಬಿಕೆ: ಇದೆಲ್ಲ ಅರವತ್ತರ ದಶಕದ ಹಿಪ್ಪಿಗಳ ತಿಂದುಂಡು ತೇಗುವ ಸಂಸ್ಕೃತಿ ಎಂಬುದು. ದಾಖಲೆಯಲ್ಲಿ ಸಿಗುವ ಮೊದಲ ನೇಚರಿಸ್ಟ್ ಕೂಟ ಹುಟ್ಟಿದ್ದು 1891ರಲ್ಲಿ, ಅದೂ ಮುಂಬಯಿ ಬಳಿಯ ಠಾಣೆಯಲ್ಲಿ. ಕಟ್ಟಿದವನು ಚಾರ್ಲ್ಸ್ ಕ್ರಾಫರ್ಡ್ ಎಂಬ ಆಂಗ್ಲ ನ್ಯಾಯಾಧೀಶ. ಸದಸ್ಯರು ಒಟ್ಟು ಮೂವರು! ಆಮೇಲೆ ಜರ್ಮನಿಯಲ್ಲಿ ಬೆಳೆದ ಚಳವಳಿಗೆ ಪ್ರಕೃತಿ ಚಿಕಿತ್ಸೆ, ಆಹಾರ ಸುಧಾರಣೆಗಳ ನಂಟಿತ್ತು. ರಿಚರ್ಡ್ ಉಂಗೆವಿಟರ್‌ನಂಥ ಆರಂಭದ ಪ್ರಚಾರಕರು ಬಟ್ಟೆಯ ಜೊತೆಗೆ ಮಾಂಸ, ಮದ್ಯ, ತಂಬಾಕನ್ನೂ ಬಿಡಿ ಎಂದವರು. ಸ್ವಿಟ್ಜರ್ಲೆಂಡಿನ ಥೀಲ್ ಎಂಬಲ್ಲಿನ ಕ್ಯಾಂಪು ಈ ಮೂರನ್ನೂ ದಶಕಗಳ ಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಆ ಹಿರಿಯರು ಇಂದಿನ ಕ್ಯಾಂಪಿಗೆ ಬಂದರೆ ಬೆತ್ತಲೆ ಮೈ ಕಂಡು ಹುಬ್ಬೇರಿಸಲಾರರು, ಗ್ರಿಲ್ ಮೇಲಿನ ಹಂದಿಮಾಂಸ ಕಂಡು ಸಿಡಿಮಿಡಿಗೊಂಡಾರು.

ನಮ್ಮವರು ಕೆಲವರು ಇದನ್ನು ದಿಗಂಬರ ಮುನಿಗಳಿಗೆ ಹೋಲಿಸುವುದುಂಟು. ಮುನಿಗಳದ್ದು ಸರ್ವಸಂಗ ಪರಿತ್ಯಾಗ, ದಿನಕ್ಕೊಮ್ಮೆ ನಿಂತು ಬೊಗಸೆಯಲ್ಲಿ ಆಹಾರ. ಇದೋ ವಾರಾಂತ್ಯದ ವಿರಾಮ, ಕೈಯಲ್ಲಿ ಬಿಯರ್ ಬಾಟಲಿ. ಹೋಲಿಕೆ ಇಬ್ಬರಿಗೂ ಅನ್ಯಾಯ.

ಕೊನೆಗೆ, ಪಾಶ್ಚಾತ್ಯ ದೇಶಗಳಲ್ಲಿ ಎಲ್ಲಿ ಬೇಕಾದರೂ ಬೆತ್ತಲಾಗಿ ಒಲೆ ಹಚ್ಚಬಹುದೆಂಬ ನಂಬಿಕೆ. ಬೆಂಗಳೂರಿನಿಂದ ಮ್ಯೂನಿಕ್‌ಗೆ ಕೆಲಸಕ್ಕೆ ಹೋದವರು ಇಸಾರ್ ನದಿಯ ಫ್ಲೌಖರ್ ದಂಡೆಯಲ್ಲಿ ಬೆತ್ತಲೆ ಈಜುವವರನ್ನೂ ಗ್ರಿಲ್ ಮಾಡುವವರನ್ನೂ ಅಕ್ಕಪಕ್ಕದಲ್ಲೇ ನೋಡಿರುತ್ತಾರೆ. ಅಲ್ಲೂ ಬೆತ್ತಲೆಗೆ ನಗರಸಭೆ ಜಾಗ ಗೊತ್ತುಮಾಡಿದೆ, ಬೆಂಕಿಗೆ ಬೇರೆ ಗಡಿ ಹಾಕಿದೆ. ದಕ್ಷಿಣ ಫ್ರಾನ್ಸಿನ ಪೈನ್ ಕಾಡುಗಳ ಕ್ಯಾಂಪುಗಳಲ್ಲಿ ಬೇಸಿಗೆ ಬಂದರೆ ಕಾಳ್ಗಿಚ್ಚಿನ ಭಯಕ್ಕೆ ಇದ್ದಿಲ ಒಲೆ ನಿಷಿದ್ಧವಾಗುವುದುಂಟು. ಇನ್ನು ಗೋಕರ್ಣದ ಕಡಲತೀರದಲ್ಲಿ ಇದನ್ನೆಲ್ಲ ಮಾಡಿ ನೋಡೋಣವೆನ್ನುವವರು ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಓದಿಕೊಳ್ಳಲಿ: ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂಥ ಅಶ್ಲೀಲ ವರ್ತನೆಗೆ ಮೂರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ.